ಮಸಿಗಿಂತ ಮೊದಲು ಸೀಸ

ನನ್ನ ಅಪ್ಪ ಒಳ್ಳೆಯ ಮನುಷ್ಯ ಎಂದು ಹೇಳುವವರು ಮಂಗಳೂರಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಹಂಪನಕಟ್ಟೆಯ ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ತಿರುಪು, ಬೀಗ ಕೊಂಡವರೆಲ್ಲ ಹಾಗೆಯೇ ಹೇಳುತ್ತಾರೆ. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ನಗು, ಊರಿನ ಭೂತಕೋಲಕ್ಕೆ ಬಿಚ್ಚುಗೈ. ಇರಬಹುದು. ಹಾಗೆ ಹೇಳುವವರು ಯಾರೂ ಅವನ ಮಕ್ಕಳಾಗಿ ಹುಟ್ಟಿದವರಲ್ಲ. ಎದುರಿಗೆ ಇವತ್ತಿಗೂ ನಾನು ಅವನನ್ನು ಬಹುವಚನದಲ್ಲೇ ಮಾತನಾಡಿಸುವುದು. ಬರೆಯಲು ಕೂತರೆ ಏಕವಚನ ತಾನಾಗಿ ಬರುತ್ತದೆ. ಬರಲಿ.

ನಮ್ಮ ಮನೆ ಇರುವುದು ವಾಮಂಜೂರು ದಾಟಿದ ಮೇಲೆ, ನಗರ ಮುಗಿಯುವಲ್ಲಿ, ಗುರುಪುರ ಹೊಳೆಯ ಬದಿಗೆ. ಕಾರ್ಪೊರೇಷನ್ನಿನ ತೆರಿಗೆಯನ್ನೂ ಕಟ್ಟುತ್ತೇವೆ, ಕಾಡುಹಂದಿಯ ಕಾಟವನ್ನೂ ಸಹಿಸುತ್ತೇವೆ. ಮನೆಯ ಹಿಂದೆ ಬಾಗಿಲು ಮುಚ್ಚಿದ ಒಂದು ಹೆಂಚಿನ ಕಾರ್ಖಾನೆ. ಅದರ ಚಿಮಣಿ ಮಾತ್ರ ನೆಟ್ಟಗೆ ನಿಂತಿದೆ. ಉಳಿದದ್ದೆಲ್ಲ ಲಂಟಾನದ ಮುಳ್ಳು, ಆವೆಮಣ್ಣು ತೆಗೆದ ಹೊಂಡಗಳು, ಕುಸಿದ ಮಾಡು. ಹೆಂಚು ಬೇಯಿಸುತ್ತಿದ್ದ ಗೂಡುಗಳ ಒಳಗೆ ಹಗಲಿಡೀ ಹಂದಿಗಳು ಮಲಗುತ್ತವೆ. ಕತ್ತಲಾದರೆ ಊರಿನ ಕಸ ತಿನ್ನಲು ಒಂದು ದಾರಿ, ನಮ್ಮ ಗೆಣಸು ತಿನ್ನಲು ಇನ್ನೊಂದು ದಾರಿ. ಅಪಾರ್ಟ್‌ಮೆಂಟಿನವರು ಎಸೆದ ಬಿರಿಯಾನಿ ತಿಂದು ಕೊಬ್ಬಿದ ಹಂದಿಗಳು ಅವು.

ಆ ಮನೆಯಲ್ಲಿ ಇದ್ದವರು ಅಪ್ಪ, ಅಮ್ಮ ಮತ್ತು ನನ್ನ ತಮ್ಮನ ಸಂಸಾರ. ನಾನು ಅತ್ತಾವರದಲ್ಲಿ ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಮೆಸ್ ನಡೆಸುವವಳು, ವಾಸ ಬಿಜೈಯ ಫ್ಲ್ಯಾಟಿನಲ್ಲಿ. ಹಬ್ಬಕ್ಕೆ, ಬೇಟೆಗೆ ಮಾತ್ರ ತವರಿಗೆ ಹೋಗುವುದು. ಹೆಣ್ಣಿಗೆ ಬೇಟೆಯಲ್ಲಿ ಎಂತ ಕೆಲಸ ಎಂದು ಕೇಳಬೇಡಿ. ಅಪ್ಪನ ಕೋವಿಗೆ ಈಡು ತುಂಬುತ್ತಿದ್ದವಳು ನಾನು. ಸಣ್ಣವಳಿದ್ದಾಗಿನಿಂದಲೂ ನಾನೇ. ತಮ್ಮನ ಕೈ ನಡುಗುತ್ತಿತ್ತು, ನನ್ನದು ನಡುಗುತ್ತಿರಲಿಲ್ಲ, ಅಷ್ಟೇ ಕಾರಣ. ತುಂಬುವುದು ನನ್ನದು, ಹೊಡೆಯುವುದು ಗಂಡಸರದ್ದು. ಅಡುಗೆ ಮತ್ತು ಊಟದ ಹಾಗೆ.

ಅದು ಒಂಟಿ ನಳಿಗೆಯ ಕೇಪಿನ ಕೋವಿ. ಈಗಿನವರಿಗೆ ಬಿಡಿಸಿ ಹೇಳಬೇಕು. ತೋಟೆ ತುರುಕಿ ಟಪ್ಪೆಂದು ಮುಚ್ಚುವ ಸುಖ ಅದರಲ್ಲಿ ಇಲ್ಲ, ಎಲ್ಲವೂ ಕೋವಿಯ ಬಾಯಿಯಿಂದಲೇ ಒಳಗೆ ಹೋಗಬೇಕು. ಮೊದಲು ಮಸಿ, ಎಂದರೆ ಸಿಡಿಯುವ ಕರಿ ಪುಡಿ. ಅದರ ಮೇಲೆ ತೆಂಗಿನ ನಾರಿನ ಉಂಡೆ. ಗಜ ಎನ್ನುವ ಕಬ್ಬಿಣದ ಕೋಲು ಹಾಕಿ ಕುಟ್ಟಬೇಕು, ಕೋಲು ಕೈಯಿಂದ ಪುಟಿದು ಮೇಲೆ ಬರುವ ತನಕ. ಆಮೇಲೆ ಸೀಸದ ಗುಂಡು. ಬಂದರಿನಲ್ಲಿ ಮೀನುಬಲೆಗೆ ಕಟ್ಟುವ ಸೀಸ ಸಿಗುತ್ತದೆ, ಅದನ್ನೇ ಕರಗಿಸಿ ಅಚ್ಚಿಗೆ ಹೊಯ್ಯುವುದು. ಅದರ ಮೇಲೆ ಮತ್ತೆ ನಾರು, ಮತ್ತೆ ಗಜ. ಕೊನೆಗೆ ಹಿಂಬದಿಗೆ ಪುಟ್ಟ ಕೇಪು ಕೂರಿಸಿದರೆ ಕಿಡಿ ಕೊಡುವುದು ಅದು. ಒಂದು ಈಡು ಹೊಡೆದರೆ ಎಲ್ಲವೂ ಮೊದಲಿನಿಂದ. ಅಷ್ಟರೊಳಗೆ ಹಂದಿ ಓಡಿಹೋಗಬಹುದು, ಮೈಮೇಲೆ ಬರಬಹುದು, ಅಲ್ಲೇ ಬಿದ್ದು ನಿಮ್ಮನ್ನು ನೋಡುತ್ತ ಒದ್ದಾಡಲೂಬಹುದು. ಅವಸರದಲ್ಲಿ ತಪ್ಪಿ ಮಸಿಗಿಂತ ಮೊದಲು ಸೀಸ ಒಳಗೆ ಹೋಯಿತೋ, ಕೋವಿ ಅಲ್ಲಿಗೆ ಸತ್ತ ಹಾಗೆ. ಮೇಲಿನಿಂದ ಎಷ್ಟು ಮಸಿ ಸುರಿದರೂ ಕಿಡಿ ಅದನ್ನು ಮುಟ್ಟುವುದಿಲ್ಲ. ಕೇಪು ಟಿಕ್ ಎನ್ನುತ್ತದೆ, ಅಷ್ಟೆ. ಮನೆಗೆ ತಂದು ತಿರುಪಿನ ಕೋಲು ಹಾಕಿ ಸೀಸವನ್ನು ಕಿತ್ತು ತೆಗೆಯಬೇಕು.

ಲೈಸನ್ಸು ಕೊಟ್ಟದ್ದು ಬೆಳೆ ಕಾಯಲು, ಬೇಟೆಗಲ್ಲ. ಹಂದಿ ಗದ್ದೆಗೆ ಬರುವ ಮೊದಲೇ ನಾವು ಹಂದಿಯ ಮನೆಗೆ ಹೋಗುವುದೂ ಬೆಳೆ ಕಾದ ಹಾಗೆಯೇ ಎಂಬುದು ಅಪ್ಪನ ಕಾನೂನು. ಅಪ್ಪನಿಗೆ ಬೇರೆ ಕಾನೂನುಗಳೂ ಇದ್ದವು. ಗಾಯ ಮಾಡಿದವನೇ ಕೊಲ್ಲಬೇಕು, ಇನ್ನೊಬ್ಬ ಕೈ ಹಾಕಬಾರದು. ಯಾರ ಈಡಿಗೆ ಜೀವ ಹೋಯಿತೋ ಹಂದಿಯ ತಲೆ ಅವರ ಮನೆಗೆ. ಡಬ್ಬ ಬಡಿದು ಹಂದಿ ಎಬ್ಬಿಸುವವರಿಗೆ ಕರುಳು ಮತ್ತು ಕಾಲು.

ಇನ್ನು ನನ್ನ ತಮ್ಮ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹೆಗ್ಗಣಕ್ಕೂ ಆ ಭಾಗ್ಯ ಇರಲಿಲ್ಲ. ಅಂಗಡಿಯ ಬೀಗ ತೆಗೆಯುವವನು ಅವನು, ಹಾಕುವವನು ಅವನು, ಲೋಡು ಇಳಿಸುವವನು ಅವನು. ಗಿರಾಕಿಗಳ ಎದುರು ಬೈಸಿಕೊಳ್ಳುವವನೂ ಅವನೇ. ಮನೆಯಲ್ಲಿ ನಮ್ಮದು ತುಳು. ಬೈಯುವಾಗ ಮಾತ್ರ ಅಪ್ಪ ಕನ್ನಡಕ್ಕೆ ಬದಲಾಗುತ್ತಾನೆ, ಮೇಷ್ಟ್ರ ಮತ್ತು ಪೊಲೀಸರ ಭಾಷೆ ಎಂದು ಇರಬೇಕು. "ಇವನಿಗೆ ಅರ್ಧ ಇಂಚಿನ ಮೊಳೆಗೂ ಮುಕ್ಕಾಲಿನ ಮೊಳೆಗೂ ವ್ಯತ್ಯಾಸ ಗೊತ್ತಿಲ್ಲ. ಮದುವೆ ಹೇಗೆ ಆದ್ದು ಅಂತ ನನಗೇ ಆಶ್ಚರ್ಯ" ಎನ್ನುವುದು, ಗಿರಾಕಿ ನಗುವುದು, ತಮ್ಮನೂ ನಗುವುದು. ಆ ನಗು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಒಮ್ಮೆ ಕೇಳಿಯೂ ಬಿಟ್ಟೆ. "ನಿನಗೆ ನಾಚಿಕೆ ಇಲ್ವಾ ಮಾರಾಯ? ಎಂತಕ್ಕೆ ನಗುದು?"

"ಒಂದು ಸಲ, ಅಕ್ಕ" ಎಂದ. "ಒಂದೇ ಸಲ ಅವರು ಜನರ ಎದುರು 'ಸರಿ ಮಾಡಿದೆ' ಅಂತ ಹೇಳ್ಬೇಕು. ಆಮೇಲೆ ಸಾಯುವ ತನಕ ಬೈಯ್ಲಿ, ನನಗೆ ಬೇಜಾರಿಲ್ಲ."

ನಲವತ್ತು ದಾಟಿದ ಗಂಡಸು, ತಲೆಯಲ್ಲಿ ಅರ್ಧ ಬಿಳಿ ಕೂದಲು. ಅವನಿಗೆ ಬೇಕಾದದ್ದು ಅಷ್ಟೇ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಲಾಕ್‌ಡೌನ್ ಮುಗಿದ ಮರುವರ್ಷದ ಕೆಡ್ಡಸಕ್ಕೆ ಅದು ಸಿಗುವ ಹಾಗೆ ಕಂಡಿತು. ಕೆಡ್ಡಸ ಎಂದರೆ ನಮ್ಮ ತುಳುನಾಡಿನಲ್ಲಿ ಭೂಮಿತಾಯಿ ಮುಟ್ಟಾಗುವ ದಿನಗಳು. ಹೆಂಗಸರು ಅಂಗಳದಲ್ಲಿ ಅವಳ ಸ್ನಾನಕ್ಕೆ ಎಣ್ಣೆ, ಸೀಗೆ, ಅರಸಿನ ಇಡುತ್ತಾರೆ. ಕುಚ್ಚಲಕ್ಕಿ ಹುರಿದು ಪುಡಿಮಾಡಿ, ಬೆಲ್ಲ, ಕಾಯಿ ಸೇರಿಸಿ ನನ್ನೆರಿ ಮಾಡುತ್ತಾರೆ. ಮಣ್ಣಿಗೆ ಗುದ್ದಲಿ ಹಾಕಬಾರದು, ಹಸಿ ಗೆಲ್ಲು ಮುರಿಯಬಾರದು, ಅವಳಿಗೆ ನೋವಾಗುತ್ತದೆ. ಹಂದಿಯ ಹೊಟ್ಟೆಗೆ ಸೀಸ ಹಾಕಬಹುದು. ಕೆಡ್ಡಸದ ಬೇಟೆ ಹಿಂದಿನಿಂದ ಬಂದ ಕಟ್ಟಳೆ ಎಂದು ಗಂಡಸರು ಹೇಳುತ್ತಾರೆ, ತಾಯಿಯನ್ನು ಯಾರೂ ಕೇಳಿದ ಹಾಗಿಲ್ಲ.

ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಹಬ್ಬದ ಮುನ್ನಾದಿನ ತಮ್ಮನನ್ನು ಕರೆದು ಎಲ್ಲರ ಎದುರು ಹೇಳಿದ: "ಈ ಸಲ ನೀನು ಹೊಡಿ. ಒಂದು ಹಂದಿ ಬೀಳಿಸು, ಕೋವಿ ನಿನ್ನ ಹೆಸರಿಗೆ ಮಾಡಿಸ್ತೇನೆ. ಆಗ್ಲಿಲ್ಲವಾ, ಇನ್ನು ನನ್ನೆದುರು ಗಂಡಸು ಅಂತ ತಿರುಗಾಡ್ಬೇಡ." ತಮ್ಮ ರಾತ್ರಿ ಸರಿಯಾಗಿ ಉಣ್ಣಲಿಲ್ಲ ಎಂದು ಅವನ ಹೆಂಡತಿ ಹೇಳಿದಳು.

ಬೆಳಿಗ್ಗೆ ಹೊರಟೆವು. ಅಪ್ಪ, ತಮ್ಮ, ನಾನು, ಡಬ್ಬ ಬಡಿಯುವ ಇಬ್ಬರು ಆಳುಗಳು, ಮತ್ತು ನೆರೆಮನೆಯ ಪೊರ್ಬು. ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ ಹಿರಿಯರನ್ನು ನಾವು ಪೊರ್ಬು ಎನ್ನುವುದು. ಅವರಿಗೂ ಒಂದು ಕೇಪಿನ ಕೋವಿ ಇತ್ತು, ಮೊಣಕಾಲು ನೋವೂ ಇತ್ತು. ಕೋವಿಯನ್ನು ನನ್ನ ಕೈಗೆ ಕೊಟ್ಟು, "ನೀನೇ ತುಂಬು ಮಗಾ, ನೀನೇ ಹಿಡ್ಕೊ. ನನಗೆ ಬಫಾತ್ ಸಾರಿಗೆ ಮಾಂಸ ಸಿಕ್ಕಿದ್ರೆ ಸಾಕು" ಎಂದರು. ತುಂಬಿ ಹಿಡಿದುಕೊಂಡೆ. ತಮ್ಮನ ಕೈಯಲ್ಲಿದ್ದ ಅಪ್ಪನ ಕೋವಿಯನ್ನೂ ತುಂಬಲು ಹೋದರೆ ಅಪ್ಪ ಬಿಡಲಿಲ್ಲ. "ಅವನದ್ದು ಅವನೇ ಮಾಡ್ಲಿ" ಎಂದ. ಮೊದಲ ಈಡನ್ನು ತಮ್ಮ ಸರಿಯಾಗಿಯೇ ತುಂಬಿದ. ಗಜ ಪುಟಿಯಿತು. ನನ್ನ ಮುಖ ನೋಡಿದ, ನಾನು ತಲೆಯಾಡಿಸಿದೆ.

ಕಾರ್ಖಾನೆಯ ಕಾಂಪೌಂಡು ಕುಸಿದು ಒಂದು ಕಂಡಿ ಬಿದ್ದಿದೆ, ಹಂದಿಗಳು ಓಡಾಡುವುದು ಅದರಲ್ಲೇ. ಅದಕ್ಕೆ ಎದುರಾಗಿ ತಮ್ಮನನ್ನು ನಿಲ್ಲಿಸಿದರು. ಸ್ವಲ್ಪ ಹಿಂದೆ, ಒಡೆದ ಹೆಂಚಿನ ರಾಶಿಯ ಮೇಲೆ ಅಪ್ಪ ಕೂತ. ಅಮ್ಮ ಕಟ್ಟಿಕೊಟ್ಟ ನನ್ನೆರಿಯ ಪೊಟ್ಟಣ ಅವನ ಮಡಿಲಲ್ಲಿ. ನಾನು, ಪೊರ್ಬು ಅವನ ಪಕ್ಕ. ಆಚೆಯಿಂದ ಆಳುಗಳು ಡಬ್ಬ ಬಡಿಯುತ್ತ, ಕೂಗುತ್ತ ಗೂಡಿನ ಒಳಗೆ ನುಗ್ಗಿದರು.

ಹಂದಿ ಬಂತು. ದೊಡ್ಡ ಹೆಣ್ಣುಹಂದಿ, ಮೈತುಂಬ ಕೆಂಪು ಆವೆಮಣ್ಣು. ಕಂಡಿಯಲ್ಲಿ ಒಂದು ಗಳಿಗೆ ನಿಂತಿತು. ತಮ್ಮ ಹೊಡೆದ. ಹೊಗೆ ಹರಿದಾಗ ಅದು ಹೊಂಡದ ಅಂಚಿನಲ್ಲಿ ಬಿದ್ದಿತ್ತು.

"ಬಿತ್ತು!" ತಮ್ಮ ಕಿರುಚಿದ. "ಅಪ್ಪಾ, ಬಿತ್ತು!"

ಆ ಮುಖವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಶಾಲೆಯಿಂದ ಬಹುಮಾನ ತಂದ ಮಗುವಿನ ಮುಖ.

ಬಿದ್ದದ್ದು ಹೌದು, ಸತ್ತಿರಲಿಲ್ಲ. ಗುಂಡು ಹೊಟ್ಟೆಯಲ್ಲಿ ಹೋಗಿ ಬೆನ್ನು ಮುರಿದಿತ್ತು. ಹಿಂಗಾಲುಗಳಿಗೆ ಜೀವವಿಲ್ಲ, ಮುಂಗಾಲುಗಳಲ್ಲಿ ಮೈಯನ್ನು ಎಳೆದುಕೊಂಡು ಗೂಡಿನ ಕಡೆಗೇ ಹೊರಟಿತ್ತು. ಆಗ ಕೂಗಲು ಶುರುಮಾಡಿತು. ಹಂದಿಯ ಕೂಗು ಕೇಳದವರಿಗೆ ಹೇಳಿ ಫಲವಿಲ್ಲ, ಕೇಳಿದವರಿಗೆ ಹೇಳಬೇಕಾಗಿಲ್ಲ. ಮಗುಚಿದಾಗ ಮೊಲೆಗಳು ಕಂಡವು, ಹಾಲು ತುಂಬಿದ ಮೊಲೆಗಳು. ಪೊರ್ಬು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

"ಮುಗಿಸು" ಎಂದ ಅಪ್ಪ.

ತಮ್ಮ ಮತ್ತೆ ತುಂಬಲು ಹೊರಟ. ಹಂದಿ ಕೂಗಿದಾಗಲೆಲ್ಲ ಅವನು ತಲೆಯೆತ್ತಿ ಅದನ್ನು ನೋಡುತ್ತಿದ್ದ. ಚೀಲಕ್ಕೆ ಕೈ ಹಾಕಿದ, ಗುಂಡು ತೆಗೆದ, ನಳಿಗೆಗೆ ಬಿಟ್ಟ. ಆಮೇಲೆ ಮಸಿ ಸುರಿದ. ಆಮೇಲೆ ನಾರು. ಗಜ ಹಾಕಿ ಜೀವ ಬಿಟ್ಟು ಕುಟ್ಟಿದ.

ನಾನು ನೋಡಿದೆ. ಬಾಯಿ ತೆರೆದೆ. ಪಕ್ಕಕ್ಕೆ ತಿರುಗಿದರೆ ಅಪ್ಪ ನನ್ನನ್ನೇ ನೋಡುತ್ತಿದ್ದ. ಕಣ್ಣಿಗೆ ಪೊರೆ ಬಂದವನು ಎಂದೆನಲ್ಲ, ಇದು ಮಾತ್ರ ಅವನಿಗೆ ಕಂಡಿತ್ತು. ಒಂದು ಹುಬ್ಬು ಮೇಲೆ ಮಾಡಿ, ತುಟಿಯ ಮೇಲೆ ಬೆರಳಿಟ್ಟು, ನಕ್ಕ. ಮಕ್ಕಳ ಆಟದಲ್ಲಿ ಅಡಗಿದವನ ಜಾಗ ಗೊತ್ತಿದ್ದವರು ನಗುವ ಹಾಗೆ.

ಟಿಕ್.

ತಮ್ಮ ಕೇಪು ಬದಲಾಯಿಸಿದ. ಟಿಕ್. ಮತ್ತೊಂದು ಹಾಕಿದ. ಟಿಕ್. ಕೋವಿಯನ್ನು ತಿರುಗಿಸಿದ, ಒರೆಸಿದ, ಊದಿದ. ಹಂದಿ ಅವನಿಂದ ಹತ್ತು ಹೆಜ್ಜೆಯ ಒಳಗೇ ಬಾಯಿ ಕಳೆದು ಕೂಗುತ್ತಿತ್ತು. ಡಬ್ಬ ಬಡಿದ ಆಳುಗಳು ಬಂದು ಗೋಡೆಯ ಮೇಲೆ ಕೂತು ನೋಡತೊಡಗಿದರು.

"ಎಂತ ಆಯ್ತು?" ಅಪ್ಪ ಕನ್ನಡದಲ್ಲಿ ಕೇಳಿದ, ಬಹಳ ಮೃದುವಾಗಿ. "ಕೋವಿಯಲ್ಲಿ ದೋಷ ಉಂಟಾ?"

"ಗೊತ್ತಾಗುದಿಲ್ಲ ಅಪ್ಪ. ಕೇಪು ತೇವ ಹಿಡಿದಿದೆಯಾ ಅಂತ..."

"ಹೌದೌದು, ಕೇಪು ತೇವ ಹಿಡಿದಿರ್ಬೇಕು. ಇನ್ನೊಂದು ಹಾಕು. ಅವಸರ ಇಲ್ಲ. ಹಂದಿಗೆ ಎಲ್ಲಿಗೂ ಹೋಗ್ಲಿಕ್ಕಿಲ್ಲ."

ಆಳುಗಳು ನಕ್ಕರು. ಅಪ್ಪ ಪೊಟ್ಟಣ ಬಿಚ್ಚಿ ಒಂದು ಹಿಡಿ ನನ್ನೆರಿ ಬಾಯಿಗೆ ಹಾಕಿಕೊಂಡ. ನನ್ನ ಕಡೆಗೂ ಚಾಚಿದ. "ತಿನ್ನು. ಅಮ್ಮ ತುಪ್ಪ ಜೋರು ಹಾಕಿದ್ದಾಳೆ."

ನಾನು ಅವನ ಕೈಯನ್ನು ದೂಡಿದೆ. "ಅಪ್ಪ, ಸಾಕು. ನೀವು ನೋಡಿದ್ದೀರಿ. ನಾನು ಹೊಡೀತೇನೆ."

ಪೊರ್ಬುಗಳ ಕೋವಿ ಎತ್ತಿದೆ. ಅಪ್ಪ ಎಡಗೈಯಿಂದ ನಳಿಗೆಯನ್ನು ಹಿಡಿದು ಕೆಳಗೆ ಒತ್ತಿದ. ಬಲಗೈಯಲ್ಲಿ ಇನ್ನೂ ನನ್ನೆರಿ ಇತ್ತು. "ಅವನೇ ಮಾಡ್ಲಿ. ಬಿಡು. ಇಲ್ಲದಿದ್ರೆ ಕಲಿಯುದು ಯಾವಾಗ?"

ಕಲಿಯುವುದಂತೆ! ಸತ್ತ ಕೋವಿಯಲ್ಲಿ ಎಂತ ಕಲಿಯುವುದು ಮಣ್ಣು? ತಮ್ಮನ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಮೂಗಿನಿಂದಲೂ. ಕೇಪುಗಳು ಕೈಯಿಂದ ಜಾರಿ ಹೆಂಚಿನ ಚೂರುಗಳ ನಡುವೆ ಬೀಳುತ್ತಿದ್ದವು, ಅವನು ಮಂಡಿಯೂರಿ ಹುಡುಕುತ್ತಿದ್ದ. ಹಂದಿ ಕೂಗುವುದನ್ನು ನಿಲ್ಲಿಸಿ ಗೊರಗೊರ ಎನ್ನತೊಡಗಿತ್ತು. ಮೂತಿಯಲ್ಲಿ ನೊರೆ. ಅಪ್ಪ ಜಗಿಯುತ್ತಿದ್ದ.

ನಾನು ಅವನ ಕೈಯಿಂದ ನಳಿಗೆಯನ್ನು ಕಿತ್ತುಕೊಂಡೆ. ತಮ್ಮನನ್ನು ದಾಟಿ ಹೋಗಿ, ಹಂದಿಯ ಕಿವಿಯ ಹಿಂದೆ ಕೋವಿಯ ಬಾಯಿ ಇಟ್ಟು ಹೊಡೆದೆ. ಅದರ ತಲೆ ಒಮ್ಮೆ ನೆಲಕ್ಕೆ ಬಡಿಯಿತು. ಅಷ್ಟೇ ಸುಲಭ ಇತ್ತು ಅದು.

ಅಪ್ಪ ಬಾಯಿ ಒರೆಸಿಕೊಂಡು, ರಾಶಿಯಿಂದ ಇಳಿದು ಬಂದ. ನನಗೆ ಬೀಳುತ್ತದೆ ಏಟು ಎಂದುಕೊಂಡೆ. ಬೀಳಲಿಲ್ಲ. ಅವನು ನನ್ನ ಬೆನ್ನು ತಟ್ಟಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಸರಿ ಮಾಡಿದೆ."

ತಮ್ಮ ಬದುಕಿಡೀ ಕಾದಿದ್ದ ಮಾತು. ಅಪ್ಪನಿಗೆ ಅದು ಗೊತ್ತಿತ್ತು, ಇಲ್ಲ ಎಂದು ಯಾರೂ ನನಗೆ ಹೇಳುವುದು ಬೇಡ. ಅದನ್ನು ತೆಗೆದು ನನಗೆ ಕೊಟ್ಟ, ತಮ್ಮ ಮಂಡಿಯೂರಿ ಕೂತಿದ್ದಾಗ, ಅವನ ತಲೆಯ ಮೇಲಿನಿಂದ. ಆಮೇಲೆ ತಮ್ಮನ ಕೋವಿಯನ್ನು ಎತ್ತಿ, ಗಜ ಇಳಿಸಿ, ಆಳುಗಳಿಗೆ ತೋರಿಸಿದ. "ನೋಡಿ, ಮಸಿಗಿಂತ ಮೊದಲು ಸೀಸ! ಮೊದಲು ಎಲೆ ತಿಂದು ಆಮೇಲೆ ಬಡಿಸಿ ಅಂತ ಹೇಳುವ ಜಾತಿ ಇದು."

ತಲೆ ನನ್ನ ಪಾಲಿಗೆ ಬಂತು. ಬೇಡ ಎಂದರೂ ಅಪ್ಪ ಬಾಳೆಲೆಯಲ್ಲಿ ಸುತ್ತಿ ಜಗಲಿಯಲ್ಲಿ ಇಟ್ಟ. ತಮ್ಮನಿಗೆ ಆಳುಗಳ ಜೊತೆ ಕರುಳು ಹಾಕಿದ. ಅವರ ಜೊತೆ ಅಂಗಳದಲ್ಲೇ ಊಟಕ್ಕೆ ಕೂರಿಸಿದ. ತಮ್ಮ ತಲೆ ಬಗ್ಗಿಸಿ ಎಲ್ಲವನ್ನೂ ತಿಂದ. ಅವನ ಹೆಂಡತಿ, ಮಗಳು ಒಳಗಿನಿಂದ ನೋಡುತ್ತಿದ್ದರು.

ನಾನು ಹೊರಡುವಾಗ ತಮ್ಮ ಬಸ್‌ಸ್ಟಾಪಿನ ತನಕ ಬಂದ. ಸಮಾಧಾನ ಹೇಳೋಣ ಎಂದು ಬಾಯಿ ತೆರೆದರೆ ಅವನೇ ಕೇಳಿದ. "ನೀನು ಕೂಡ ನೋಡಿದ್ದೆಯಲ್ಲಾ?"

"ನೋಡಿದ್ದೆ."

"ಒಂದು ಮಾತು ಹೇಳ್ಬಹುದಿತ್ತು ನನಗೆ."

"ಎಲ್ಲರ ಎದುರು ಹೇಗೆ ಹೇಳುದು ಮಾರಾಯ? ಹೇಳಿದ್ರೆ ಆಗ್ಲೇ ನಗ್ತಿದ್ರು. ಅದರ ಕೂಗು ಕೇಳ್ಲಿಕ್ಕೆ ಆಗ್ತಿರ್ಲಿಲ್ಲ ನನಗೆ."

"ಹಂದಿಯದ್ದು ಕೇಳಿತು ನಿನಗೆ" ಎಂದ. ಬಸ್ಸು ಬಂತು, ಹತ್ತಿದೆ.

ಅವತ್ತಿನಿಂದ ಅವನು ನನ್ನೊಂದಿಗೆ ಮಾತು ಬಿಟ್ಟ. ಹಂಪನಕಟ್ಟೆಯಲ್ಲಿ ಎದುರು ಸಿಕ್ಕರೆ ರಸ್ತೆ ದಾಟಿಬಿಡುತ್ತಿದ್ದ. ಅಮ್ಮ ತೀರಿಕೊಂಡಾಗ ಕೂಡ ಹೆಂಡತಿಯ ಬಾಯಿಂದ ಫೋನು ಮಾಡಿಸಿದ. ಕೋವಿ ಅಪ್ಪನ ಹೆಸರಿನಲ್ಲೇ ಉಳಿಯಿತು, ಕೇಪಿನ ಕಥೆ ಅಂಗಡಿಗೆ ಬಂತು. ಗಿರಾಕಿ ಏನಾದರೂ ತಿರುಗುಮುರುಗು ಹೇಳಿದರೆ ಅಪ್ಪ, "ಓ, ಮಸಿಗಿಂತ ಮೊದಲು ಸೀಸ!" ಎಂದು ಮಗನ ಕಡೆ ನೋಡುವುದು, ಎಲ್ಲರೂ ನಗುವುದು. ತಮ್ಮ ನಗುವುದನ್ನು ನಿಲ್ಲಿಸಿದ್ದ.

ಕಳೆದ ಮಳೆಗಾಲ ಅಪ್ಪ ಅಂಗಡಿಯಲ್ಲೇ ಕುಸಿದ. ಬಲಭಾಗ ಪೂರ್ತಿ ಹೋಯಿತು, ಮಾತೂ ಹೋಯಿತು. ಬುದ್ಧಿ ಹೋಗಲಿಲ್ಲ. ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಹಾಕಿದರು. ನನ್ನ ಮೆಸ್ಸಿನಿಂದ ನಡೆಯುವಷ್ಟೇ ದೂರ, ಹಾಗಾಗಿ ಗಂಜಿ ಒಯ್ಯುವುದು ನನ್ನ ಕೆಲಸವಾಯಿತು. ಹಗಲು ಕೂರುವುದು ತಮ್ಮ. ಊರಿನವರೆಲ್ಲ ಅವನನ್ನು ಹೊಗಳುವುದೇ ಹೊಗಳುವುದು. ಎಂಥ ಮಗ, ಅಂಗಡಿ ಬಾಗಿಲು ಹಾಕಿ ಕೂತಿದ್ದಾನೆ ಎಂದು.

ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದಾಗ ತಮ್ಮ ಅದನ್ನು ಇಸಿದುಕೊಂಡು ತಟ್ಟೆಗೆ ಬಗ್ಗಿಸಿದ. ಅಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿದ. ಕುತ್ತಿಗೆಗೆ ಟವೆಲು ಕಟ್ಟಿದ. ಎಲ್ಲವೂ ನಿಧಾನ, ಅಚ್ಚುಕಟ್ಟು. ಆಮೇಲೆ ಅಪ್ಪನ ಎಡಗೈಯನ್ನು, ಜೀವ ಇರುವ ಕೈಯನ್ನು, ಹೊದಿಕೆಯ ಒಳಗೆ ಸೇರಿಸಿ ಅಂಚುಗಳನ್ನು ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿದ. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಚಮಚ ಇಟ್ಟು, ಮುಚ್ಚಿದ.

ಬಾಗಿಲಿನಲ್ಲಿ ಹೋಗುತ್ತಿದ್ದ ನರ್ಸ್ ಕೇಳಿದಳು. "ಏನು, ಎಕ್ಸರ್‌ಸೈಜಾ?"

"ಹೌದು ಸಿಸ್ಟರ್. ಬಲಗೈಗೆ ಕೆಲಸ ಕೊಡಿ ಅಂತ ಹೇಳಿದ್ದಾರಲ್ಲ" ಎಂದ ತಮ್ಮ.

ಚಮಚ ಬಿತ್ತು. ತಮ್ಮ ಎತ್ತಿ ಮತ್ತೆ ಇಟ್ಟ. ಮತ್ತೆ ಬಿತ್ತು. ಅಪ್ಪನ ಬಾಯಿ ಸೊಟ್ಟಗೆ ತೆರೆದಿತ್ತು, ಹಸಿದಿದ್ದ. ಗಂಟಲಿನಿಂದ ಗೊರಗೊರ ಎನ್ನುವ ಒಂದು ಸದ್ದು ಬಂತು. ತಮ್ಮ ಕುರ್ಚಿಯಲ್ಲಿ ಕೂತು ಕಿಸೆಯಿಂದ ಹುರಿದ ನೆಲಗಡಲೆಯ ಪೊಟ್ಟಣ ತೆಗೆದ. ಒಂದೊಂದೇ ಬಾಯಿಗೆ ಹಾಕಿಕೊಂಡು ನೋಡುತ್ತಿದ್ದ.

ನಾನು ಚಮಚಕ್ಕೆ ಕೈ ಚಾಚಿದೆ. ತಮ್ಮ ನನ್ನ ಮಣಿಗಂಟನ್ನು ಹಿಡಿದು ಕೆಳಗೆ ಒತ್ತಿದ. ಅಷ್ಟು ವರ್ಷಗಳ ಮೇಲೆ ಅವನು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

"ಅವರೇ ಮಾಡ್ಲಿ. ಬಿಡು, ಅಕ್ಕ. ಅವಸರ ಇಲ್ಲ."

ಅಪ್ಪ ನನ್ನನ್ನು ನೋಡಿದ. ಅವನಿಗೆ ಎಲ್ಲವೂ ಅರ್ಥವಾಗಿತ್ತು, ನಾನು ನೋಡಿದ್ದೂ ಅವನಿಗೆ ಗೊತ್ತಾಗಿತ್ತು. ಎಡ ಕಣ್ಣಿನಿಂದ ನೀರು ಇಳಿಯಿತು. ಹೊದಿಕೆಯ ಒಳಗೆ ಎಡಗೈ ಎಳೆದಾಡುತ್ತಿತ್ತು.

ಅವತ್ತು ನನ್ನ ಕೈಯಲ್ಲಿ ತುಂಬಿದ ಕೋವಿ ಇತ್ತು, ಇವತ್ತು ಇರಲಿಲ್ಲ ಎಂದು ಹೇಳಬಹುದು. ಸುಳ್ಳು. ಒಂದು ಚಮಚ ಎತ್ತಲು ಕೋವಿ ಬೇಡ. ದಿನಾ ಊರಿನ ಹೆಣ್ಣುಮಕ್ಕಳಿಗೆಲ್ಲ ಬಡಿಸುವ ಕೈ ನನ್ನದು. ತಮ್ಮನ ಹಿಡಿತ ಸಡಿಲವೇ ಇತ್ತು, ಎಳೆದರೆ ಬರುತ್ತಿತ್ತು.

ನಾನು ಇನ್ನೊಂದು ಕುರ್ಚಿ ಎಳೆದು ತಮ್ಮನ ಪಕ್ಕ ಕೂತೆ. ಅವನು ಪೊಟ್ಟಣವನ್ನು ನನ್ನ ಕಡೆಗೆ ಚಾಚಿದ. ತೆಗೆದುಕೊಂಡೆ.